ಶಾವಿಗೆ ಪಾಳಿ ಮತ್ತು ನನ್ನ ಹವಾಮಾನ ವರದಿ

ನನ್ನ ಹೆಂಡತಿ ಶೈಲಜಾಳ ಬಗ್ಗೆ ನನಗೆ ಅಪಾರ ಗೌರವವಿದೆ. (ಆಕೆ ಪಕ್ಕದಲ್ಲಿ ಇಲ್ಲದಾಗ ಬರೆಯುತ್ತಿದ್ದೇನೆ, ಆದ್ದರಿಂದ ಧಾರಾಳವಾಗಿ ನಂಬಬಹುದು.) ಆದರೆ ನನ್ನ ಹವಾಮಾನ ವರದಿಗೆ ಆಕೆ ಕವಡೆ ಕಾಸಿನ ಬೆಲೆಯನ್ನೂ ಕೊಡುವುದಿಲ್ಲ ಎಂಬ ಕೊರಗು ಈ ಬೇಸಿಗೆಯಿಡೀ ನನ್ನನ್ನು ಕಾಡಿತು.

ಕುಷ್ಟಗಿಯ ಮೇ ತಿಂಗಳೆಂದರೆ ಬೆಳಿಗ್ಗೆ ಎಂಟಕ್ಕೇ ನಲ್ಲಿಯಲ್ಲಿ ಬಿಸಿನೀರು. ಅಂಥ ಹೊತ್ತಿನಲ್ಲಿ ನಾನು ಚಹಾ ಹೀರುತ್ತ, ಮೊಬೈಲ್ ತೆರೆದು, ಮುಂದಿನ ಏಳು ದಿನಗಳ ಮುನ್ಸೂಚನೆಯನ್ನು ಆಕಾಶವಾಣಿಯ ಗಾಂಭೀರ್ಯದಲ್ಲಿ ಮನೆಗೆಲ್ಲ ಕೇಳುವಂತೆ ಓದುತ್ತೇನೆ. ಆ ಸೋಮವಾರವೂ ಓದಿದೆ.

"ಬುಧವಾರದವರೆಗೆ ಒಣ ಹವೆ. ಗರಿಷ್ಠ ಉಷ್ಣಾಂಶ ನಲವತ್ತೊಂದು ಡಿಗ್ರಿ. ಗುರುವಾರ ಗುಡುಗು ಸಹಿತ ಮಳೆ. ಶುಕ್ರವಾರದಿಂದ ಪುನಃ ಒಣ ಹವೆ."

"ನಲವತ್ತೊಂದು ಹೋಗಿ ನಲವತ್ತಾದ್ರ ನೀವೇನು ಸ್ವೆಟರ್ ಹಾಕ್ಕೋತೀರೇನು? ಮೊದಲ ಆ ಕೊಡ ತುಂಬ್ರಿ" ಎಂದಳು ಶೈಲಜಾ.

ಕೊಡವನ್ನೇನೋ ತುಂಬಿದೆ. ಆದರೆ ಗುರುವಾರದ ಮಳೆ ನಗುವ ವಿಷಯವಾಗಿರಲಿಲ್ಲ. ಅವತ್ತು ನಮ್ಮ ಮನೆಯ ಶಾವಿಗೆ ಪಾಳಿ. ನಮ್ಮ ಓಣಿಯ ಮೂವತ್ತು ಮನೆಗೆ ಇರುವುದು ಒಂದೇ ಶಾವಿಗೆ ಮಷಿನ್. ದಿನಕ್ಕೊಂದು ಮನೆಯ ಹೊರಸಿಗೆ, ಅಂದರೆ ಹಗ್ಗದ ಮಂಚಕ್ಕೆ, ಅದನ್ನು ಬಿಗಿದು, ಎಂಟು ಹೆಣ್ಣುಮಕ್ಕಳು ಸೇರಿ, ನಾದಿ, ತಿರುವಿ, ಮಾಳಿಗೆಯ ಮೇಲೆ ಒಣಹಾಕುತ್ತಾರೆ. ಪಾಳಿ ತಪ್ಪಿದವರು ಪಟ್ಟಿಯ ಕೊನೆಗೆ ಹೋಗಬೇಕು. ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಶಾವಿಗೆ ಹಾಳಾದರೆ ವರ್ಷವಿಡೀ ಬೀಗರ ಮುಂದೆ ಶೈಲಜಾಳ ಮಾನ ಹೋದಂತೆ, ಆಕೆಯ ಮಾನ ಹೋದರೆ ನನ್ನ ಊಟ ಹೋದಂತೆ.

"ಏ ಶೈಲಾ, ಗುರುವಾರ ಮಳಿ ಐತಿ, ಪಾಳಿ ಬದಲಿ ಮಾಡ್ಕೋ" ಎಂದೆ.

"ಗಾಳಿ ನೋಡ್ರಿ, ಬೆಂಕಿ ಬೀಸಿದಂಗ ಬೀಸಾಕತ್ತೈತಿ. ಗುರುವಾರ ಎಲ್ಲೀ ಮಳಿ? ಸುಮ್ನಿರ್ರಿ."

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಎದುರು ಮನೆಯ ಲಾಲಬೀ ಅಕ್ಕನ ಪಾಳಿ ಶನಿವಾರ. ಬರುವ ಸೋಮವಾರ ಅವಳ ಮಗಳು ಅತೀಯಾಳ ಮದುವೆ. ಮದುವೆ ಊಟದ ಪಾಯಸಕ್ಕೆ ಶಾವಿಗೆ ಬೇಕೇ ಬೇಕು. ಬುಧವಾರ ಬೆಳಿಗ್ಗೆ ಹೆಂಡತಿಗೆ ಹೇಳದೆ ಅವಳ ಬಾಗಿಲಿಗೆ ಹೋಗಿ, ಮುಖದಲ್ಲಿ ತ್ಯಾಗಮೂರ್ತಿಯ ಕಳೆ ತಂದುಕೊಂಡು ನಿಂತೆ.

"ಅಕ್ಕಾ, ನಿಮ್ಮ ಮನ್ಯಾಗ ಮದುವಿ ಐತಿ. ನಮ್ಮ ಗುರುವಾರ ನೀವು ತಗೋರಿ. ನಾವು ಶನಿವಾರ ಮಾಡ್ಕೋತೀವಿ."

ಲಾಲಬೀ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರಾಡಿತು. "ಎಂಥಾ ಮನಸ್ಸೋ ತಮ್ಮಾ ನಿಂದು! ಅಲ್ಲಾ ನಿನ್ನ ಛಲೋ ಇಡ್ಲಿ" ಎಂದಳು.

ಮಳೆಯನ್ನು ಹೀಗೆ ಎದುರು ಮನೆಗೆ ವರ್ಗ ಮಾಡಿ ಬಂದು ಹೆಂಡತಿಗೆ ಹೇಳಿದೆ. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡೇ ನಿಂತಿದ್ದೆ. ಆಕೆ "ಛಲೋ ಆತು ಬಿಡ್ರಿ" ಎಂದು ಒಳಗೆ ಹೋದಳು. ಅತೀಯಾಳ ಪಾಯಸ ನೆನೆದು ಹೊಟ್ಟೆಯಲ್ಲಿ ಒಂದಿಷ್ಟು ಕಸಿವಿಸಿಯಾಯಿತು, ನಿಜ. ಮಜ್ಜಿಗೆ ಕುಡಿದೆ, ಕಡಿಮೆಯಾಯಿತು.

ಗುರುವಾರ ಆಕಾಶದಲ್ಲಿ ಅಂಗೈಯಗಲ ಮೋಡವಿಲ್ಲ. ಮೂರು ಗಂಟೆಗೆ ಲಾಲಬೀ ಅಕ್ಕನ ಶಾವಿಗೆ ಮುಟ್ಟಿದರೆ ಪಟಪಟ ಮುರಿಯುವಷ್ಟು ಒಣಗಿತ್ತು. ಅಲ್ಲಿ ದುಡಿದು ಹಿಟ್ಟಿನ ಕೈಯಲ್ಲೇ ಬಂದ ಶೈಲಜಾ ನನ್ನ ಮೊಬೈಲ್ ಎತ್ತಿ ಮುಖಕ್ಕೆ ಹಿಡಿದಳು.

"ಮ್ಯಾಲೆ ಯಾವ ಊರಿನ ಹೆಸರೈತಿ ಓದ್ರಿ."

ಗಂಗಾವತಿ! ಜನವರಿಯಲ್ಲಿ ಅಕ್ಕಿ ತರಲು ಗಂಗಾವತಿಗೆ ಹೋಗಿದ್ದೆ. ನಾನು ತಿರುಗಿ ಬಂದಿದ್ದೆ, ಮೊಬೈಲು ಬಂದಿರಲಿಲ್ಲ. ನಾಲ್ಕು ತಿಂಗಳಿಂದ ಕುಷ್ಟಗಿಯ ಜನಕ್ಕೆ ಗಂಗಾವತಿಯ ಹವೆಯನ್ನು ಓದಿ ಹೇಳುತ್ತಿದ್ದೆ. ಆಕೆ ಬೆರಳಾಡಿಸಿ ಕುಷ್ಟಗಿ ಹಾಕಿದಳು. ಶನಿವಾರ, ಗುಡುಗು ಸಹಿತ ಮಳೆ. ಈಗ ಶನಿವಾರವೇ ನಮ್ಮ ಪಾಳಿ.

ಶನಿವಾರ ನಾನು ಕಂಡ ಶೈಲಜಾಳನ್ನು ಹೇಗೆ ಹೊಗಳಲಿ? ಬೆಳಿಗ್ಗೆಯೇ ಪಡಸಾಲೆಯ ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದಳು. ನನ್ನ ಮಂಚ, ಕುರ್ಚಿ, ಚಪ್ಪಲಿ ಎಲ್ಲವನ್ನೂ ಗಡಿಪಾರು ಮಾಡಿದಳು. ಎರಡು ಟೇಬಲ್ ಫ್ಯಾನ್ ಎದುರುಬದುರು ಹೂಡಿದಳು. ಎಂಟು ಹೆಣ್ಣುಮಕ್ಕಳನ್ನು ಒಂದು ಏರುದನಿಯಿಲ್ಲದೆ ನಡೆಸಿದಳು. (ಕಚೇರಿಯಲ್ಲಿ ಇಬ್ಬರು ಗುಮಾಸ್ತರು ನನ್ನ ಮಾತು ಕೇಳುವುದಿಲ್ಲ.) ಮಧ್ಯಾಹ್ನಕ್ಕೆ ಪಡಸಾಲೆ ತುಂಬ ಶಾವಿಗೆಯ ಪರದೆಗಳು ಇಳಿಬಿದ್ದವು. ಮೂರಕ್ಕೆ ಧೂಳೆದ್ದಿತು, ಗುಡುಗಿತು, ಮಳೆ ಬಂತು, ಕರೆಂಟು ಹೋಯಿತು. ಶೈಲಜಾ ನನ್ನ ಕೈಗೊಂದು ಮೊರ ಕೊಟ್ಟಳು.

"ಬೀಸ್ರಿ."

ಬೀಸಿದೆ. ರಟ್ಟೆ ಕಳಚಿ ಬರುವಂತೆ ಬೀಸುತ್ತಿರುವಾಗ ಲಾಲಬೀ ಅಕ್ಕ ನಮಗೆಂದು ಬುಟ್ಟಿ ತುಂಬ ಒಣ ಶಾವಿಗೆ ಮುಚ್ಚಿ ಹೊತ್ತು, ಅರ್ಧ ನೆಂದು ಬಂದಳು. ಎಲ್ಲರ ಮುಂದೆ ನನ್ನನ್ನು ತೋರಿಸಿ, "ಇಂಥಾ ಮನುಷ್ಯಾ ಈ ಓಣ್ಯಾಗ ಇಲ್ಲ. ನಮ್ಮ ಅತೀಯಾನ ಸಲುವಾಗಿ ತನ್ನ ಬಿಸಲ ಕೊಟ್ಟಾನ" ಎಂದಳು.

ನನ್ನಿಂದ ತಡೆಯಲಾಗಲಿಲ್ಲ. "ಇಲ್ಲಕ್ಕಾ, ನಾ ಕೊಟ್ಟದ್ದು ಬಿಸಲಲ್ಲ, ಮಳಿ. ಗುರುವಾರ ಮಳಿ ಬರ್ತೈತಿ ಅಂತ ತಿಳ್ಕೊಂಡ ನಿಮ್ಮ ತಲಿಗಿ ಕಟ್ಟೀನಿ. ನಾಚಿಕಿ ಆಗೇತಿ ನನಗ, ಮಾಫ್ ಮಾಡ್ರಿ" ಎಂದುಬಿಟ್ಟೆ.

ಎಂಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೊತ್ತೈತಿ ತಮ್ಮಾ" ಎಂದಳು ಲಾಲಬೀ ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಮಂಗಳವಾರನ ಶೈಲಜಾ ತನ್ನ ಫೋನಿನ್ಯಾಗ ನಮ್ಮೂರಿಂದು ನೋಡಿ ಬಂದು, 'ಶನಿವಾರ ಮಳಿ ಐತಿ ಅಕ್ಕಾ, ಮದುವಿ ಮನಿ ನಿಮ್ಮದು, ನನ್ನ ಗುರುವಾರ ತಗೋರಿ' ಅಂತ ಕೊಟ್ಟು ಹೋಗಿದ್ಲು. ನೀ ಬುಧವಾರ ಬಂದು ಅದನ್ನ ಮತ್ತೊಮ್ಮಿ ಕೊಟ್ಟಿ. 'ನಮ್ಮವರು ನಾಳೆ ಬರ್ತಾರ, ಏನೂ ಅನಬ್ಯಾಡ್ರಿ, ಇಸ್ಕೊಂಬಿಡ್ರಿ ಪಾಪ' ಅಂತ ಮೊದಲ ಹೇಳಿಟ್ಟಿದ್ಲು. ಶನಿವಾರ ಮಳಿ ಬರೂದು ಫೋನಿಗಿ ಗೊತ್ತಿತ್ತು, ಬುಧವಾರ ನೀ ಬರೂದು ಶೈಲಜಾಗ ಗೊತ್ತಿತ್ತು!"

ನಾನು ಬೀಸುವುದನ್ನು ಮರೆತು, ಮೊರ ಎದೆಗವಚಿ ನಿಂತೆ. ಇಂಥ ಹೆಂಗಸು ನನಗೆ ಹೆಂಡತಿಯಾಗಿ ಸಿಕ್ಕಿದ್ದಾಳಲ್ಲ ಎಂದು ಹೆಮ್ಮೆಯಾಯಿತು. ಏನಾದರೂ ಒಳ್ಳೆಯ ಮಾತು ಹೇಳೋಣವೆಂದು ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಶಾವಿಗೆ ಪರದೆಗಳ ಆಚೆಯಿಂದ ಆಕೆಯ ದನಿ ಬಂತು.

"ರೀ, ಗಾಳಿ ಯಾಕ ನಿಂತೈತಿ ಅಲ್ಲೆ?"