ಎರಡು ಸೆಂಟಿನ ಗಂಡು

ಅಶ್ವಥ್‌ಗೆ ಹೆದರಿಕೆ ಇದ್ದದ್ದು ಒಂದು ಮೂಗಿನದು, ಅದೂ ಮರಳವಾಡಿಯ ಲತಾಮಣಿಯ ಮೂಗು. ಅಪ್ಪನ ಜೊತೆ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುತ್ತಿದ್ದ ಆಕೆಯನ್ನು ಅವನು ಎರಡು ವರ್ಷದಿಂದ ಕಂಬದ ಮರೆಯಲ್ಲೇ ನಿಂತು ನೋಡುತ್ತಿದ್ದ. ದಿನವಿಡೀ ಗೂಡು ಬೇಯಿಸಿ ನೂಲು ಬಿಚ್ಚುವವನ ಮೈಗೆ ಸತ್ತ ಹುಳುವಿನ ನಾತ ಅಂಟಿರುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಹತ್ತಿರ ಹೋಗುವುದು ಹೇಗೆ? ಕೊನೆಗೆ ದಲ್ಲಾಳಿಯೊಬ್ಬ ದಾರಿ ಮಾಡಿದ. ನೂಲು ಬಿಚ್ಚುವ ಹುಡುಗ ಭಾನುವಾರ ಸ್ನೇಹಿತನ ಜೊತೆ ಬರುತ್ತಾನೆ, ಹಿರಿಯರ ಮಾತು ಆಮೇಲೆ ಎಂದು ಹುಡುಗಿಯ ತಂದೆ ಮುನಿಯಪ್ಪನವರಿಗೆ ಹೇಳಿಟ್ಟ.

ಭಾನುವಾರ ಬೆಳಿಗ್ಗೆ ಮುಷರಫ್ ಸಾಬರು ತಮ್ಮ ಅತ್ತರು, ಊದುಬತ್ತಿಯ ಅಂಗಡಿಯಲ್ಲಿ ಗಂಡಸರ ಹಳೇ ಸೆಂಟು ಎರಡನ್ನು ಅಶ್ವಥ್‌ನ ಮುಂದಿಟ್ಟರು. ಹಸಿರು ಸೀಸೆಯ ಲ್ಯಾವೆಂಡರು ಆಗಷ್ಟೇ ಕ್ಷೌರ ಮಾಡಿಸಿಕೊಂಡು ಎದ್ದ ಮೇಷ್ಟರ ಹಾಗಿತ್ತು. ಕಂದು ಸೀಸೆಯಲ್ಲಿ ಪೈನ್ ಮರ, ಪಾಚಿ, ಒಂಚೂರು ಚರ್ಮ. ಅದು ಬುಲೆಟ್ ಗಾಡಿ ಇರುವವನ ಹಾಗಿತ್ತು. ನಂಬಿಕಸ್ಥನಾಗುವುದೋ ಧೈರ್ಯಸ್ಥನಾಗುವುದೋ ಎಂದು ಅವನು ಒಂದು ಗಂಟೆ ಒದ್ದಾಡಿದ. ಊದುಬತ್ತಿಗೆ ಬಂದ ಪಕ್ಕದ ಮನೆಯ ಅಂಬುಜಮ್ಮ ಹಸಿರೇ ಸರಿ ಎಂದರು, ಅವರ ಯಜಮಾನರು ಅದನ್ನೇ ಹಾಕುತ್ತಿದ್ದರಂತೆ. ಕಾರ್ಖಾನೆಯ ಮೇಸ್ತ್ರಿ ದೊಡ್ಡಹನುಮಯ್ಯನೂ ಅಲ್ಲೇ ಇದ್ದ. ಹಸಿರು ಹಾಕಿಕೊಂಡು ಹೋದರೆ ಹೆಣ್ಣು ಕೊಡುವುದಿಲ್ಲ, ಮೇಷ್ಟರೆಂದುಕೊಂಡು ಸಹಿ ಮಾಡಲು ಅರ್ಜಿ ಕೊಡುತ್ತಾರೆ ಎಂದ. ಅಶ್ವಥ್ ಯಾರ ಮನಸ್ಸನ್ನೂ ನೋಯಿಸಲಾರದೆ ಬಲಗಡೆಗೆ ಹಸಿರು, ಎಡಗಡೆಗೆ ಕಂದು ಬಳಿದುಕೊಂಡ.

ಗಾಡಿ ಓಡಿಸಿದವನು ಜೊತೆಗೆಲಸದ ಲೋಕೇಶ್. ಪಾಳಿ ಮುಗಿಸಿ ಸ್ನಾನವನ್ನೂ ಮಾಡದೆ ಬಂದಿದ್ದ ಅವನು ದಾರಿಯುದ್ದಕ್ಕೂ ಸೀನಿದ.

ಬಾಗಿಲಲ್ಲಿ ಮುನಿಯಪ್ಪನವರು ಅಶ್ವಥ್‌ಗೆ ಕೈ ಅಡ್ಡ ಹಿಡಿದರು. "ಒಳ್ಗೆ ಹುಳ ಹಣ್ಣಾಯ್ತಾ ಅವೆ ಕಣಪ್ಪ, ಗೂಡ್ ಕಟ್ಟೋ ಹೊತ್ತು. ಸೆಂಟ್ ವಾಸ್ನೆ ಬಿದ್ರೆ ಗೂಡೇ ಕಟ್ಟಕಿಲ್ಲ. ನೀನ್ ಇಲ್ಲೇ ಕುಂತ್ಕೊ."

ಹನ್ನೆರಡು ವರ್ಷ ಗೂಡು ಬೇಯಿಸಿದವನಿಗೆ ಇದು ಗೊತ್ತೇ ಇರಲಿಲ್ಲ. ಅವನಿಗೆ ಪರಿಚಯವಿದ್ದದ್ದು ಸತ್ತ ಹುಳುಗಳು ಮಾತ್ರ. ಲೋಕೇಶನನ್ನು ಅವರು ಕೈಕಾಲು ತೊಳೆಸಿ ಒಳಗೆ ಕರೆದುಕೊಂಡು ಹೋದರು.

ಅಶ್ವಥ್ ಅಂಗಳದ ನಲ್ಲಿಯಲ್ಲಿ ಕತ್ತು ಉಜ್ಜಿ ಉಜ್ಜಿ ತೊಳೆದ. ಎರಡು ಸೆಂಟೂ ಸೇರಿ ಮೂರನೆಯದೊಂದು ಹುಟ್ಟಿತು. ಒಳಗೆ ನಗು, ತಟ್ಟೆಯ ಸದ್ದು, ನಡುವೆ ಅವಳ ಬಳೆ. ಎರಡು ವರ್ಷ ಕಾದದ್ದಕ್ಕಿಂತ ಆ ಅರ್ಧ ಗಂಟೆಯೇ ಅವನಿಗೆ ಉದ್ದವೆನಿಸಿತು.

ಕಡೆಗೆ ಲತಾಮಣಿಯೇ ಕಾಫಿ ತಂದು ದೂರದ ಕಲ್ಲಿನ ಮೇಲಿಟ್ಟಳು. ಕಂಬದ ಮರೆಯಿಂದ ಕಾಣದಿದ್ದ ಒಂದು ಮಚ್ಚೆ ಅವಳ ಗಲ್ಲದ ಮೇಲಿತ್ತು.

"ಅಣ್ಣ, ಒಂದ್ ಮಾತ್ ಕೇಳ್ಲಾ? ನೂಲ್ ಬಿಚ್ಚೋ ಗಂಡು ಒಳ್ಗೆ ಕುಂತಿರೋರೇಯ ಅಂತ ನಮ್ಮಪ್ಪ ವಾಸ್ನೇಲೇ ಕಂಡ್ಕಂಡ್ರು. ಅವ್ರು ಏನೋ ಹೇಳಕ್ ಬತ್ತಾರೆ, ನಾಚ್ಕೆ ಅಂದ್ಕಂಡು ಎಲ್ರೂ ನಗ್ತಾವ್ರೆ. ನಂಗೂ ಹಿಡ್ಸವ್ರೆ. ನೀವ್ ಜೊತೇಲಿರೋರು, ನಿಜ ಹೇಳಿ. ನಿಮ್ ಫ್ರೆಂಡು ಒಳ್ಳೇವ್ರಾ?"

ಗಂಡು ನಾನೇ ಎನ್ನುವ ಮಾತು ಅಶ್ವಥ್‌ನ ನಾಲಿಗೆಯ ತುದಿಗೆ ಬಂತು. ಆದರೆ ಅವನು ಎರಡು ವರ್ಷ ಹಂಬಲಿಸಿದ ನಾಚಿಕೆ ಅವಳ ಮುಖದ ಮೇಲಿತ್ತು, ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ಲೋಕೇಶ್ ಒಳ್ಳೆಯವನೆನ್ನುವುದೂ ಹಾಳಾದ ನಿಜವೇ.

"ಒಳ್ಳೇವ್ನು ಕಣಮ್ಮ," ಎಂದ. "ಒಸಿ ಸ್ನಾನ ಮಾಡಿಸ್ಬೇಕು, ಅಷ್ಟೇಯ."

"ಬ್ಯಾಡ ಬುಡಿ ಅಣ್ಣ, ಆ ವಾಸ್ನೇನೇ ಇರ್ಲಿ," ಎಂದು ನಗುತ್ತಾ ಅವಳು ಒಳಗೆ ಓಡಿದಳು.