ಕೊಳವೆಯೊಳಗಿನ ಸುಳಿ

ಹಿಲ್ಲಾ ಪಟ್ಟಣದ ಖರ್ಜೂರದ ಪಾಕದ ಕಾರ್ಖಾನೆಗೆ ಫಿಟರ್ ಹಾತಿಮ್ ಕೋಟಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದದ್ದೇ ತಪ್ಪಾಯಿತು. ಬಾಯ್ಲರ್ ನೋಡಿಕೊಳ್ಳುವ ಅಬು ನಿದಾಲ್ ಬಾಗಿಲಲ್ಲೇ ಅಡ್ಡ ನಿಂತ.

“ಏನಪ್ಪಾ, ಕೋಲು ನುಂಗಿದವನ ಹಾಗೆ ನಡೀತಿದೀಯ! ಒಳಗೇನದು?”

ಜಡೆಯಂತೆ ತಿರುಚಿದ ಉದ್ದುದ್ದ ತಗಡಿನ ಪಟ್ಟಿಗಳು ಹೊರಬಂದವು.

“ಪಾಕ ಕಾಯಿಸೋ ಕೊಳವೆಗಳಿಗೆ. ಈಗ ಬಿಸಿನೀರು ನೆಟ್ಟಗೆ ಬಂದು ನೆಟ್ಟಗೆ ಹೋಗ್ಬಿಡತ್ತೆ, ಶಾಖ ಕೊಡೋಕೆ ಪುರುಸೊತ್ತೇ ಇಲ್ಲ. ಇದನ್ನ ಒಳಗಿಟ್ರೆ ನೀರು ಸುಳಿ ಸುತ್ಕೊಂಡು, ಗೋಡೆಗೆ ಉಜ್ಕೊಂಡು ಹೋಗತ್ತೆ. ಪಾಕ ಬೇಗ ಕಾಯತ್ತೆ.”

ಅಬು ನಿದಾಲ್ ಹುಬ್ಬು ಗಂಟಿಕ್ಕಿದ. ಕಾರ್ಖಾನೆಯಿಂದ ಕಬ್ಬಿಣ ಹೊರಗೆ ಸಾಗಿಸಿದವರನ್ನು ಅವನು ಬೇಕಾದಷ್ಟು ಕಂಡಿದ್ದ. ಸ್ವಂತ ತಗಡು ಒಳಗೆ ತಂದವನನ್ನು ಕಂಡದ್ದು ಇದೇ ಮೊದಲು.

ಪಾಕ ಪರೀಕ್ಷಿಸುವ ಉಮ್ಮ್ ಸಜ್ಜಾದ್ ಉರಿಯೋ ಬೆಂಕಿಗೆ ಎಣ್ಣೆ ಸುರಿದಳು. “ನೀರಿನ ದಾರೀಲಿ ತಗಡು ತುರುಕ್ತಾನಂತೆ. ಅಲ್ಲಾಹ್ ಕಾಪಾಡಲಿ, ಒಡೆದ್ರೆ ಮೊದಲು ಬೇಯೋದು ನಿನ್ನ ಮೀಸೆ!”

ಅಬು ನಿದಾಲ್ ಮೀಸೆ ಮುಟ್ಟಿಕೊಂಡ.

ಹಾತಿಮ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಖ್ಯ ಫಿಟರ್ ಜಾಗ ಖಾಲಿಯಿತ್ತು, ಅವನ ಕಣ್ಣು ಅದರ ಮೇಲಿತ್ತು. ಪಟ್ಟಿಗಳನ್ನೆಲ್ಲ ಕೊಳವೆಗಳಿಗೆ ತುರುಕಿ, ಮುಚ್ಚಳ ಬಿಗಿದು, ಮ್ಯಾನೇಜರ್ ಉಸ್ತಾದ್ ಗಸ್ಸಾನ್‌ರನ್ನು ಕರೆಯಲು ಓಡಿದ. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಎರಡು ಗಂಟೆ ಹೊತ್ತು ಕಳೆದಿತ್ತು. ಬಂದು ನೋಡಿದರೆ ಅಬು ನಿದಾಲ್, ಉಮ್ಮ್ ಸಜ್ಜಾದ್ ಇಬ್ಬರೂ ಸಂತರಂತೆ ಕೂತಿದ್ದರು. ತೋಳು ಮಾತ್ರ ಮೊಣಕೈವರೆಗೆ ಒದ್ದೆ.

“ಏನ್ ಮಾಡಿದ್ರಿ?” ಹಾತಿಮ್‌ಗೆ ಅನುಮಾನ.

“ಚಹಾ ಕುಡಿದ್ವಿ,” ಎಂದ ಅಬು ನಿದಾಲ್.

ಬಿಸಿನೀರು ಹರಿಯಿತು. ದಿನಾ ಒಂದು ಗಂಟೆ ಹಿಡಿಯುತ್ತಿದ್ದ ಪಾಕ ಅರ್ಧ ಗಂಟೆಯಲ್ಲೇ ಹದವಾಗಿ ಕಾಯಿತು! ಹಾತಿಮ್ ಕೈಯನ್ನು ಗಿರಗಿರನೆ ತಿರುಗಿಸುತ್ತ ಸುಳಿಯ ಮಹಿಮೆ ವರ್ಣಿಸಿದ. ಉಸ್ತಾದ್ ಅವನ ಬೆನ್ನು ತಟ್ಟಿದರು. “ಭೇಷ್! ಇನ್ಮೇಲೆ ಮುಖ್ಯ ಫಿಟರ್...”

“ಉಸ್ತಾದ್,” ಅಬು ನಿದಾಲ್ ಕೆಮ್ಮಿದ, “ಸುಳಿ ಎಲ್ಲಿಂದ ಬರತ್ತೆ? ಹೆದರಿಕೆಯಾಗಿ ನಾವು ಎಲ್ಲಾ ಎಳೆದು ತೆಗೆದ್ವಿ.”

ಮೂಲೆಯಲ್ಲಿ ಅವುಗಳ ಮೇಲೆ ಮುಚ್ಚಿದ್ದ ಗೋಣಿಚೀಲ ಸರಿಸಿದ. ಪಟ್ಟಿಗಳ ಮೈತುಂಬ ಬಿಳಿ ಸುಣ್ಣದ ಹಕ್ಕಳೆ. ಉಸ್ತಾದ್ ಉಗುರಿನಿಂದ ಕೆರೆದರು.

“ವರ್ಷಗಟ್ಟಲೆ ಕಟ್ಟಿದ ಕೊಳೆ! ತುರುಕಿ ಎಳೆದಾಗ ಕೆರೆದುಕೊಂಡು ಬಂದಿದೆ. ಕೊಳವೆ ಚೊಕ್ಕಟವಾದದ್ದಕ್ಕೇ ಪಾಕ ಬೇಗ ಕಾದದ್ದು. ಹಾತಿಮ್, ಇದು ಒಳ್ಳೇ ಬ್ರಷ್ಷಪ್ಪ! ಅಬು ನಿದಾಲ್, ಎಳೆಯೋ ಬುದ್ಧಿ ಹೊಳೆದದ್ದು ನಿನಗೆ. ಮುಖ್ಯ ಫಿಟರ್ ನೀನೇ.”

“ಅಯ್ಯೋ ಉಸ್ತಾದ್, ಒಂದೇ ಒಂದು ಸಲ ಇವನ್ನ ಒಳಗಿಟ್ಟು ನೋಡಿ!” ಹಾತಿಮ್ ಅಂಗಲಾಚಿದ.

“ಒಂದು ಸಲ ಯಾಕೆ? ದಿನಾ ಬೆಳಿಗ್ಗೆ ಬಂದು ನೀನೇ ಇಡು,” ಎಂದರು ಉಸ್ತಾದ್. “ಬಾಯ್ಲರ್ ಹೊತ್ತಿಸೋ ಮೊದಲು ಎಳೆದು ತೆಗೆಯೋದು ಮಾತ್ರ ಮರೀಬೇಡ.”