ನಾಲ್ಕನೇ ಮಹಡಿಯ ಬಂದರು

ಹೋದ ವರ್ಷದ ಗಣೇಶನ ಹಬ್ಬದಲ್ಲಿ ಮೊದಲ ಮಂಗಳಾರತಿ ಯಾರು ಎತ್ತಬೇಕೆಂಬ ಮಾತಿಗೆ ಜಗಳ ಹುಟ್ಟಿತು. ಅಂದಿನಿಂದ ಜಪಾನಿನ ಓಜಿಮಾ ಬಡಾವಣೆಯ ಆ ಕಟ್ಟಡದಲ್ಲಿ ಮೂರನೇ ಮಹಡಿಯ ವೇದವಲ್ಲಿಗೂ ಐದನೇ ಮಹಡಿಯ ಅಪರ್ಣಾಗೂ ಮಾತಿಲ್ಲ. ಹಾಗಂತ ಪ್ರಸಾದ ತಡೆದು ಪಾಪ ಕಟ್ಟಿಕೊಳ್ಳುವವರು ಯಾರು? ಅದು ನಾಲ್ಕನೇ ಮಹಡಿಯ ಒಂಟಿ ಸಂಶೋಧಕ ನಂಜುಂಡಸ್ವಾಮಿಯ ಮನೆಯಲ್ಲಿ ತಂಗಿ ಮುಂದಕ್ಕೆ ಹೋಗತೊಡಗಿತು.

“ಎರಡು ನಿಮ್ ತಟ್ಟೆಗೆ ತೆಗೆದಿಟ್ಕೊಂಡು ಮೇಲೆ ಕೊಡಿ. ಆಗ ಅದು ನಿಮ್ಮನೆ ಕಡುಬು, ನಮ್ಮನೇದಲ್ಲ,” ಎಂದು ವೇದವಲ್ಲಿ ಕಾನೂನು ಮಾಡಿದ್ದರು. ಅಪರ್ಣಾರದೂ ಅದೇ ಕಾನೂನು.

ನಂಜುಂಡಸ್ವಾಮಿ ಕಾಶಿವಾದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದುದೂ ಇಂಥದನ್ನೇ. ಚೀನಾ, ತೈವಾನ್‌ಗಳ ನಡುವೆ ನೇರ ಸಂಚಾರ ಇಲ್ಲದ ಕಾಲದಲ್ಲಿ ಹಡಗುಗಳು ಜಪಾನಿನ ಇಶಿಗಾಕಿ ಬಂದರಿಗೆ ಬಂದು, ಶುಲ್ಕ ತೆತ್ತು, ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು ಮುಂದೆ ಸಾಗುತ್ತಿದ್ದವು. ಈ ವರ್ಷದ ಹಬ್ಬದ ದಿನವೇ, ಮೂರು ಗಂಟೆಗೆ, ಪ್ರಾಧ್ಯಾಪಕ ಮೊರಿತಾ ಸೆನ್ಸೆಯವರ ಮುಂದೆ ಅದರ ಉಪನ್ಯಾಸ. ತಪ್ಪಿದರೆ ಫೆಲೋಶಿಪ್ಪೂ ತಪ್ಪಿದಂತೆ.

ಬೆಳಗಿನಿಂದ ಕಡುಬು ಮೇಲಕ್ಕೆ, ಪಂಚಕಜ್ಜಾಯ ಕೆಳಕ್ಕೆ; ಅವನು ಗಾಣದೆತ್ತಿನಂತೆ ಸುತ್ತಿದ. ಒಂದು ಗಂಟೆಗೆ ಟೈ ಕಟ್ಟುವಾಗ ಮತ್ತೆ ಕರೆಗಂಟೆ. ಬಂದ ಕೋಸಂಬರಿಯ ನೀರು ಟೈ ಮೇಲೆಯೇ ಇಳಿಯಿತು.

ಇವತ್ತು ನೇರ ದಾರಿ ತೆರೆದೇ ಹೊರಡುವುದೆಂದು ಹಲ್ಲು ಕಚ್ಚಿ, ಇಬ್ಬರನ್ನೂ ಬಾಗಿಲಿಗೆ ಕರೆಸಿದ.

“ವೇದಕ್ಕ, ಅಪರ್ಣಕ್ಕ, ನಾನು ಎಷ್ಟ್ ದಿನ ಅಂತ ಲಿಫ್ಟ್ ಆಗಿರ್ಲಿ? ಟ್ರೈನ್ ಹೋದ್ರೆ ನನ್ನ ಫೆಲೋಶಿಪ್ ಹೋಗತ್ತೆ.”

“ಅವರೇ ಮೊದಲು ಮಾತಾಡ್ಸ್ಲಿ,” ಎಂದರು ಅಪರ್ಣಾ, ಗೋಡೆಗೆ.

“ಗೋಡೆ ಹತ್ರ ಮಾತಾಡೋರ್ನ ನಾನ್ಯಾಕ್ರೀ ಮಾತಾಡ್ಸ್ಲಿ?” ವೇದವಲ್ಲಿ ನೇರವಾಗಿ ಅಪರ್ಣಾರ ಕಡೆಗೇ ತಿರುಗಿ ಕೇಳಿದರು.

“ಮಾತಾಡ್ಸಿಬಿಟ್ರಲ್ಲ ಅಕ್ಕ,” ಎಂದ ನಂಜುಂಡಸ್ವಾಮಿ.

ಅಪರ್ಣಾ ಕಿಸಕ್ಕನೆ ನಕ್ಕರು. ವೇದವಲ್ಲಿಯ ಕಣ್ಣು ಒದ್ದೆಯಾಯಿತು. ವಿಘ್ನೇಶ್ವರ ದೊಡ್ಡವನು.

ಓಡೋಡಿ ಸಮಯಕ್ಕೆ ತಲುಪಿದ ನಂಜುಂಡಸ್ವಾಮಿ, “ನೇರ ಸಂಚಾರದಿಂದ ಎಲ್ಲರಿಗೂ ಲಾಭವಾಯಿತು,” ಎಂದು ಉಪನ್ಯಾಸ ಮುಗಿಸಿದ.

“ಎಲ್ಲರಿಗೂ?” ಸೆನ್ಸೆ ಮೆಲ್ಲಗೆ ಕೇಳಿದರು. “ಇಶಿಗಾಕಿಗೆ?”

“ಸುಮಿಮಾಸೆನ್, ಕ್ಷಮಿಸಿ, ಅದನ್ನ ನೋಡಿಲ್ಲ.”

“ನೋಡಿ ಬರೆಯಿರಿ. ಫೆಲೋಶಿಪ್ ಮಾತು ಆಮೇಲೆ.”

ಸಂಜೆ ಹೊಟ್ಟೆ ಚುರುಗುಟ್ಟುತ್ತ ಮರಳಿದಾಗ ಮೂರನೇ ಮಹಡಿಯ ಬಾಗಿಲು ತೆರೆದಿತ್ತು. ಅಕ್ಕಂದಿರಿಬ್ಬರೂ ಸೇರಿ ಪಾತ್ರೆ ತೊಳೆಯುತ್ತಿದ್ದರು.

“ನಿಮಗೆ ಇನ್ಮೇಲೆ ತೊಂದರೆ ಕೊಡಬಾರ್ದು ಅಂತ ತೀರ್ಮಾನ ಮಾಡಿದ್ವಿ,” ಎಂದರು ಅಪರ್ಣಾ. “ವೇದಕ್ಕ, ಇವರ ಪಾಲು ತೆಗೆದಿಟ್ರಾ?”

“ನಾನಾ? ನೀವು ಇಟ್ಟಿರ್ತೀರ ಅಂತ ಎಲ್ಲಾನೂ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.”

ಬೆಳಗಿನ ಪಾಲನ್ನು ಆಗಲೇ ತಿಂದು ಮುಗಿಸಿದ್ದ ನಂಜುಂಡಸ್ವಾಮಿ ಬೀದಿ ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಒಂದು ಅನ್ನದುಂಡೆ ಕೊಂಡು ತಂದ. ಅದನ್ನು ಕಚ್ಚುತ್ತ, ಇಶಿಗಾಕಿಗೆ ಏನಾಯಿತೆಂದು ಬರೆಯಲು ಕೂತ. ಪುಸ್ತಕ ತೆರೆಯುವ ಅಗತ್ಯವೇ ಬೀಳಲಿಲ್ಲ.